ಸಿಗರೇಟು ಪ್ಯಾಕಿನೊಳಗಿನ ಆಟಗಾರರು

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಮನಸ್ಸಿಗೆ ಬಂದಷ್ಟು ದುಡ್ಡು ಕೊಟ್ಟರೆ ಸಾಕು ಅಂತ ಯಾರಾದರೂ ಅಂದರೆ ನಂಬಬೇಡಿ. ಆ ಸವಲತ್ತು ಆ ರಾಜ್ಯದವರಿಗೆ, ಪಕ್ಕದ ಎರಡು ರಾಜ್ಯಗಳ ವಿದ್ಯಾರ್ಥಿಗಳಿಗೆ ಮಾತ್ರ. ನಮ್ಮಂಥವರಿಗೆ ತಲೆಗೆ 30 ಡಾಲರ್. ಅಕ್ಕನ ಮಗನ ಮಾತು ಕೇಳಿಕೊಂಡು ಹೋಗಿದ್ದೆ, ಹೊಟ್ಟೆ ಉರಿ ಇನ್ನೂ ಆರಿಲ್ಲ. ಈಜಿಪ್ಟಿನ ಮಮ್ಮಿ, ರೆಂಬ್ರಾಂಟ್ ಎಲ್ಲ ನೋಡಿದೆವು. ಚೆನ್ನಾಗಿವೆ, ಬಿಡಿ.

ನಾನು ಅಲುಗಾಡದೆ ನಿಂತಿದ್ದು ಅಮೆರಿಕನ್ ವಿಂಗ್‌ನ ಬೇಸ್‌ಬಾಲ್ ಕಾರ್ಡುಗಳ ಮುಂದೆ. 1880ರ ದಶಕದಲ್ಲಿ ಸಿಗರೇಟು ಪ್ಯಾಕು ಮುದುಡದಿರಲಿ ಅಂತ ಒಳಗೆ ರಟ್ಟಿನ ತುಂಡು ಇಡುತ್ತಿದ್ದರು. ಅದರ ಮೇಲೆ ಆಟಗಾರರ ಚಿತ್ರ ಬಂತು. ‘ಓಲ್ಡ್ ಜಡ್ಜ್’ ಸಿಗರೇಟಿನ ಒಂದು ಕಾರ್ಡಿಗೆ ಮೂಗು ತಾಗಿಸಿ ನೋಡಿದೆ. ಆಸಾಮಿ ಕೈ ಚಾಚಿ ಕ್ಯಾಚ್ ಹಿಡಿಯುತ್ತಿದ್ದಾನೆ. ಆದರೆ ಚೆಂಡು ದಾರದಲ್ಲಿ ನೇತಾಡುತ್ತಿದೆ! ಓಡುವ ಆಟ ಆಗಿನ ಕ್ಯಾಮೆರಾಕ್ಕೆ ಸಿಗುತ್ತಿರಲಿಲ್ಲ, ಎಲ್ಲ ಸ್ಟುಡಿಯೋ ನಾಟಕ.

ಅಲ್ಲೇ ಹುಟ್ಟಿ ಬೆಳೆದ ಅಳಿಯನಿಗೆ ಮಾತು ಬಂತು. “ಮಾವ, ಹೋನಸ್ ವ್ಯಾಗ್ನರ್ ಅನ್ನೋ ಹಳೇ ಬೇಸ್‌ಬಾಲ್ ಆಟಗಾರ ಗೊತ್ತಾ? ಜರ್ಮನಿಯಿಂದ ಬಂದವರ ಮಗ. ಚಿಕ್ಕವನಿದ್ದಾಗ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಅವನ ಒಂದು ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯ್ತು.”

1909ರಲ್ಲಿ ಶುರುವಾದ, ಟಿ206 ಅಂತ ಕರೆಯುವ ಸಿಗರೇಟು ಕಾರ್ಡುಗಳ ಸೆಟ್ಟಿನದು ಅದು. ವ್ಯಾಗ್ನರ್ ಒಪ್ಪದೆ ಮುದ್ರಣ ಬೇಗ ನಿಂತಿತಂತೆ. ಚಿತ್ರದ ಆಸೆಗೆ ಮಕ್ಕಳು ಸಿಗರೇಟು ಕೊಳ್ಳೋದು ಬೇಡ ಅಂದ ಅಂತ ಕೆಲವರು, ದುಡ್ಡು ಸಿಗಲಿಲ್ಲ ಅಂತ ಕೆಲವರು.

“ಗಣಿ ಹುಡುಗನೂ ಹೀರೋ ಆಗಬಹುದು ಅನ್ನೋ ದೇಶ, ಅಲ್ವಾ?” ಅಂದೆ.

“ಬಿಳಿಯನಾದರೆ. ಆ ಸೆಟ್ಟಿನಲ್ಲಿ 524 ಕಾರ್ಡಿವೆ ಮಾವ. ಒಬ್ಬ ಕಪ್ಪು ಆಟಗಾರನೂ ಇಲ್ಲ.”

ದೊಡ್ಡ ಲೀಗುಗಳು ಅವರನ್ನು ಹೊರಗಿಟ್ಟಿದ್ದವು. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೂ ಹಾಗೇ. ಅಷ್ಟೂ ವರ್ಷ ಅವರು ತಮ್ಮದೇ ತಂಡ ಕಟ್ಟಿಕೊಂಡು ಆಡಿದರು. ಊರೂರ ಹುಡುಗರು ಕಾರ್ಡು ಜೇಬಲ್ಲಿಟ್ಟುಕೊಂಡು ಮೆರೆದ ಆ ಅಮೆರಿಕದಲ್ಲಿ ಇವರಿಗೆ ಎರಡು ಬೆರಳಗಲದ ರಟ್ಟೂ ದಕ್ಕಲಿಲ್ಲ. ನಾನು ಸುಮ್ನೆ ಮತ್ತೆ ಮುಖಗಳನ್ನು ನೋಡುತ್ತಾ ಹೋದೆ.

ಕೋಟಿ ಬೆಲೆಯ ವ್ಯಾಗ್ನರ್‌ಗಿಂತ ನನಗೆ ಜಾಸ್ತಿ ಹಿಡಿಸಿದ್ದು ಇವನ್ನೆಲ್ಲ ಕೂಡಿಟ್ಟ ಜೆಫರ್ಸನ್ ಬರ್ಡಿಕ್. ಸಿರಕ್ಯೂಸ್ ಊರಿನ ಕಾರ್ಖಾನೆ ಕೆಲಸಗಾರ. ಕೀಲುನೋವಿನಿಂದ ಕೈ ಸೊಟ್ಟಗಾಗುತ್ತಿದ್ದರೂ ಮ್ಯೂಸಿಯಂಗೆ ಬಂದು ತಾನೇ ಆಲ್ಬಮ್ಮಿಗೆ ಅಂಟಿಸುತ್ತಿದ್ದ. ಬೇಸ್‌ಬಾಲ್ ಕಾರ್ಡುಗಳೇ 30,000ಕ್ಕೂ ಮೇಲೆ. 1963ರ ಜನವರಿಯಲ್ಲಿ ಕೆಲಸ ಮುಗಿಸಿದ, ಮಾರ್ಚಿನಲ್ಲಿ ತೀರಿಕೊಂಡ. ಇವತ್ತು ಹರಾಜಿನಲ್ಲಿ ಕೂಗುವ ಟಿ206 ಅನ್ನೋದೂ ಅವನು ಮಾಡಿದ ಕಾರ್ಡುಗಳ ಪಟ್ಟಿಯ ನಂಬರೇ.