ಕೈ ಪಳಗತೈತಿ, ಮನಸು?

ಇವತ್ತು ಕೊಪ್ಪಳ ಕಡೆ ಕಟ್ಟಿಗಿ ಗೊಂಬಿ ಮಾಡೂ ಊರು ಕಿನ್ನಾಳದಾಗ ಒಬ್ರು ಅಜ್ಜಾರು ಗೊಂಬಿಗೆ ಕಣ್ಣು ಬರಿಯೂದು ನೋಡಿದೆ. ಹಗುರ ಕಟ್ಟಿಗಿ ಗೊಂಬಿ, ಮ್ಯಾಲೆ ಹುಣಸಿ ಬೀಜದ ಅಂಟಿನ ಮೆತ್ತಿಗಿ, ಬಣ್ಣ ಎಲ್ಲಾ ಆಗಿ ಕಡೀಕ ಕಣ್ಣು. ಸಣ್ಣ ಬ್ರಷ್ ಕರೇ ಬಣ್ಣದಾಗ ಅದ್ದಿ, ಬಟ್ಟಲದ ಅಂಚಿಗೆ ಒರಸಿ, ಉಸುರು ಹಿಡದು ಒಂದೇ ಎಳತ, ಹುಬ್ಬು ಬಂತು. ಆಮ್ಯಾಲೆ ಅದರ ಜೋಡಿ ಇನ್ನೊಂದು.

"ಯಜ್ಜ, ಒಂಚೂರೂ ಫರಕ್ ಇಲ್ಲಲ್ರಿ" ಅಂದೆ.
"ಐತಪಾ, ನಿನಗ ಕಾಣವಲ್ದು" ಅಂದ್ರು.

ಆ ಮಾತು ತಲ್ಯಾಗ ಕುಂತುಬಿಟ್ಟೈತಿ ನೋಡ್ರಿ. ಪತಂಜಲಿ ಯೋಗಸೂತ್ರದಾಗೂ ಬಾಳ ದಿನ, ನಡಕ ಬಿಡದಂಗ, ಶ್ರದ್ಧೆಯಿಂದ ಮಾಡಿದ್ರ ಅಭ್ಯಾಸ ಗಟ್ಟಿ ಆಗ್ತೈತಿ ಅಂತ ಐತಿ, ಆದ್ರ ಮನಸು ಹಿಡಿಯಾಕ ಅಭ್ಯಾಸ ಒಂದೇ ಸಾಲೂದಿಲ್ಲ, ವೈರಾಗ್ಯನೂ ಬೇಕು ಅಂತಾರ.

ನನಗನಸ್ತೈತಿ, ಗೆರಿ ಸೊಟ್ಟ ಆದ್ರ ಅಲ್ಲೇ ಕಣ್ಣಿಗೆ ಬೀಳ್ತೈತಿ, ಅದಕ್ಕ ಕೈ ಕಲೀತೈತಿ. ಸಿಟ್ಟು ಹಂಗಲ್ಲ, ಸಿಟ್ಟು ಸೊಟ್ಟ ಆಗಿದ್ದು ಕಾಣೂದು ಎದುರಿಗಿದ್ದವರ ಮಾರಿ ಮ್ಯಾಲೆ, ಆ ಹೊತ್ತಿನಾಗ ನಾವು ಅವರ ಮಾರಿ ನೋಡೂದೇ ಇಲ್ಲ, ನಮ್ಮ ಮಾತು ಮುಗಸೂದರಾಗೇ ಇರ್ತೀವಿ. ಅದಕ್ಕ ಅರವತ್ತಾದ್ರೂ ನಾಲಿಗಿ ಪಳಗದ ಮಂದಿ ಅದಾರ.

ಒಂದೂ ಕೊರತಿ ಇಲ್ಲದ ಮನಷ್ಯಾ ಆಗ್ತಾನ ಅಂತ ನಾ ನಂಬಂಗಿಲ್ಲ. ಪಳಗಿದಷ್ಟೂ ಫರಕ್ ಹೆಚ್ಚು ಕಾಣ್ತೈತಿ ಅನ್ನೂದು ಮಾತ್ರ ಖರೇ.

ನಿಮ್ಮ ಮನ್ಯಾಗ ವಯಸ್ಸಾದ್ಮ್ಯಾಲೆ ಸಿಟ್ಟು ಕಮ್ಮಿ ಮಾಡ್ಕೊಂಡವರು ಯಾರರ ಇದ್ರ ಹೇಳ್ರಿ, ಹೆಂಗ ಮಾಡ್ಕೊಂಡ್ರು ಅಂತ ಕೇಳೂದೈತಿ.