ಖಾಲಿ ಗೋಡೆಗೆ ಹಾಕಿದ ಲೈಟು

ಮೈಸೂರು ಶೈಲಿಯ ಚಿತ್ರ ಬರೆಯುವುದು ನನ್ನ ಕಸುಬು. ಇದರಲ್ಲಿ ತಡಕ್ಕೆ ನೆಪ ಹುಡುಕಬೇಕಾಗಿಲ್ಲ. ಒಡವೆ, ಸೀರೆ ಅಂಚು ಸ್ವಲ್ಪ ಉಬ್ಬಿ ಕಾಣಬೇಕಲ್ವಾ, ಅದಕ್ಕೆ ಗೆಸ್ಸೊ ಕೆಲಸ ಮಾಡುತ್ತೇವೆ, ಅಂದರೆ ಬಿಳಿ ಪುಡಿಗೆ ಅಂಟು ಕಲಸಿದ ಪೇಸ್ಟ್ ಹಚ್ಚುವುದು. ತಂಜಾವೂರಿನ ಹಾಗೆ ದಪ್ಪಗಲ್ಲ, ತೆಳ್ಳಗೆ ಎಳೆ ಎಳೆಯಾಗಿ. ಅದು ಒಣಗಿದ ಮೇಲೇ ಚಿನ್ನದ ರೇಕು. "ಮಳೆ ಸಾರ್, ಒಣಗ್ತಿಲ್ಲ" ಅಂದರೆ ಯಾರೂ ಮರುಮಾತಾಡಲ್ಲ.

ಕುವೆಂಪುನಗರದ ಮೇಷ್ಟ್ರೊಬ್ಬರು ಹೊಸಮನೆಗೆ ಮೂರಡಿಯ ಚಾಮುಂಡೇಶ್ವರಿ ಬೇಕೆಂದರು. ಕೈಯಲ್ಲಿ ಆಗಲೇ ನಾಲ್ಕು ಆರ್ಡರ್ ಇತ್ತು. ಆದರೂ ಮುಂಗಡ ತಗೊಂಡೆ. ಗೆಸ್ಸೊ ಮುಗಿಯಿತು, ರೇಕೂ ಕೂತಿತು. ಮುಖ ಉಳಿಯಿತು. ಮುಖ ಕೆಟ್ಟರೆ ಅಷ್ಟೂ ಕೆಲಸ ಹಾಳು ಅನ್ನೋ ಹೆದರಿಕೆಗೆ ಬೇರೆ ಚಿತ್ರ ಎತ್ತಿಕೊಂಡೆ. ಮೇಷ್ಟ್ರು ಫೋನ್ ಮಾಡಿದಾಗೆಲ್ಲ ಮಳೆಯ ಕಥೆ ಹೇಳಿದೆ.

ನನಗೊಂದು ಸಮಾಧಾನ ಬೇರೆ ಇತ್ತು. 1481ರಲ್ಲಿ ಫ್ಲಾರೆನ್ಸ್ ಹೊರಗಿನ ಮಠವೊಂದು ಲಿಯೊನಾರ್ಡೊ ಡಾ ವಿಂಚಿಗೆ ಚಿತ್ರ ಬರೆಯುವ ಕೆಲಸ ಒಪ್ಪಿಸಿತ್ತು. ಹೆಚ್ಚೆಂದರೆ ಎರಡೂವರೆ ವರ್ಷದಲ್ಲಿ ಕೊಡಬೇಕು ಅಂತ ಮಾತು. ಆತ ಅರ್ಧಕ್ಕೇ ಬಿಟ್ಟು ಮಿಲಾನಿಗೆ ಹೋದ. ಆ ಅರೆಬರೆ ಚಿತ್ರವನ್ನೇ ಇವತ್ತು ಉಫಿಜಿ ಮ್ಯೂಸಿಯಂನಲ್ಲಿ ಜನ ಮುಗಿಬಿದ್ದು ನೋಡುತ್ತಾರೆ. ಇನ್ನು ನಾನ್ಯಾವ ಲೆಕ್ಕ!

ಗೃಹಪ್ರವೇಶಕ್ಕೆ ಬರಿಗೈಲಿ ಹೋದೆ. ಹಾಲ್‌ನ ಗೋಡೆಗೆ ಮೊಳೆ ಹೊಡೆದಿತ್ತು. ಮೇಲೊಂದು ಪುಟ್ಟ ಹಳದಿ ಲೈಟು. ಅದು ಉರಿಯುತ್ತಲೇ ಇತ್ತು, ಬರೀ ಗೋಡೆಯ ಮೇಲೆ. "ಊಟ ಮಾಡ್ಕೊಂಡು ಹೋಗಪ್ಪ" ಅಂದರು ಮೇಷ್ಟ್ರು. ಬೇರೇನೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಮುಂಗಡ ವಾಪಸ್ ಕೊಟ್ಟೆ. ವಾರದಲ್ಲೇ ಬೇರೆಯವರ ಹತ್ತಿರ ಚಿತ್ರ ತಂದರಂತೆ. ಆ ಮಠದವರ ಕಥೆಯ ಉಳಿದರ್ಧ ಓದಿದ್ದು ಆಮೇಲೆ. ಅವರಿಗೆ ಅದೇ ವಿಷಯದ ಚಿತ್ರ ಬರೆದುಕೊಟ್ಟದ್ದು ಫಿಲಿಪ್ಪೀನೊ ಲಿಪ್ಪಿ ಅನ್ನೋ ಇನ್ನೊಬ್ಬ ಚಿತ್ರಕಾರ, 1496ರಲ್ಲಿ. 15 ವರ್ಷ ಕಾದರು ಪಾಪ. ನಾನು ಅಲ್ಲೀತನಕ ಬರೆಯುವವನ ಕಡೆಯಿಂದಷ್ಟೇ ಆ ಕಥೆ ನೋಡಿದ್ದೆ.

ಈಗ ಆರ್ಡರ್ ಬುಕ್ಕಿನಲ್ಲಿ ತಾರೀಖಿನ ಪಕ್ಕ ಚಿತ್ರ ಯಾವ ಗೋಡೆಗೆ ಅಂತಲೂ ಬರೆದುಕೊಳ್ಳುತ್ತೇನೆ. ಮೂರಕ್ಕಿಂತ ಜಾಸ್ತಿ ಒಪ್ಪಲ್ಲ. ಮೊನ್ನೆ ಒಬ್ಬರಿಗೆ "ದಸರಾದೊಳಗೆ ಆಗಲ್ಲ ಸಾರ್" ಅಂದೆ. ಮುಖ ಸಣ್ಣ ಮಾಡಿಕೊಂಡು ದುಡ್ಡಿನ ಕವರ್ ವಾಪಸ್ ಜೇಬಿಗೆ ಹಾಕಿಕೊಂಡರು. ಅಂಗಡಿ ಬಾಡಿಗೆ ಕಟ್ಟುವ ವಾರ ಅದು.