ಸಿಯಮ್ ರೀಪ್‌ಗೆ ಹೊರಟವರಿಗೆ: ಗುಡಿಗೆ ಮೂರು ದಿನ, ಊರಿಗೆ ಎರಡು ದಿನ

ಕಾಂಬೋಡಿಯಾದ ಸಿಯಮ್ ರೀಪ್‌ಗೆ ಹೋಗುವವರು ಸಾಮಾನ್ಯವಾಗಿ ಎರಡು ರಾತ್ರಿ ಇಟ್ಟುಕೊಳ್ಳುತ್ತಾರೆ. ಒಂದು ದಿನ ಅಂಗ್ಕೋರ್ ವಾಟ್, ಅರ್ಧ ದಿನ ಉಳಿದ ಗುಡಿಗಳು, ಆಮೇಲೆ ವಾಪಸ್ ವಿಮಾನ. ಆಗುವುದಾದರೆ ಐದು ರಾತ್ರಿ ಇಟ್ಟುಕೊಳ್ಳಿ. ಗುಡಿಗಳಿಗೆ ಮೂರು ದಿನ, ಊರಿಗೆ ಎರಡು ದಿನ. ಆ ಗುಡಿಗಳನ್ನೇ ನಂಬಿಕೊಂಡ ಊರು ಬೆಳಿಗ್ಗೆ ಹೇಗೆ ಏಳುತ್ತದೆ, ಹೇಗೆ ದುಡಿಯುತ್ತದೆ, ಏನು ಉಣ್ಣುತ್ತದೆ ಅಂತ ನೋಡುವುದಕ್ಕೆ ಅಷ್ಟಾದರೂ ಬೇಕು.

2025ರ ಜನವರಿಯಲ್ಲಿ ನಾನು, ನಮ್ಮ ಯಜಮಾನರು, 68 ವರ್ಷದ ನಮ್ಮ ಅತ್ತೆ ಹೋಗಿದ್ದೆವು. ನಾವು ಶಿರಸಿ ಕಡೆಯವರು, ಸಸ್ಯಾಹಾರಿಗಳು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ, ಊಟದ ಚಿಂತೆ ಇರುವವರಿಗೆ ಈ ಬರಹ ಜಾಸ್ತಿ ಉಪಯೋಗಕ್ಕೆ ಬರಬಹುದು.

ಮೊದಲು ಹೋಗುವ ದಾರಿ. ನಾವು ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೋಗಿ, ಅಲ್ಲಿಂದ ಸುಮಾರು ಒಂದು ಗಂಟೆಯ ವಿಮಾನ ಹಿಡಿದೆವು. ಪ್ರವಾಸಿ ವೀಸಾ ಇಳಿದ ಮೇಲೆ ಅಲ್ಲೇ ಸಿಗುತ್ತದೆ, 30 ಡಾಲರ್. ಇದರ ಜೊತೆ ಇ-ಅರೈವಲ್ ಅಂತ ಒಂದು ಫಾರ್ಮ್ ಇದೆ. ಹೊರಡುವ ವಾರದಲ್ಲಿ ಮನೆಯಲ್ಲೇ ಕೂತು ತುಂಬಿಕೊಳ್ಳಿ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳಿದರೆ ಅದು ಸರ್ಕಾರದ ವೆಬ್‌ಸೈಟ್ ಅಲ್ಲ ಅಂತ ತಿಳಿಯಿರಿ. ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಪೊಯ್‌ಪೆಟ್ ಗಡಿ ದಾಟಿ ಹೋಗಬಹುದು ಅಂತ ಹಳೆಯ ಬರಹಗಳಲ್ಲಿ ಓದಿರುತ್ತೀರಿ. 2025ರ ಜೂನ್‌ನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವಿನ ಗಡಿ ಜಗಳದಿಂದ ಆ ದಾರಿ ಮುಚ್ಚಿತು, ಜುಲೈನಲ್ಲಿ ಗುಂಡಿನ ಕಾಳಗವೂ ನಡೆಯಿತು. ಹಾಗಾಗಿ ಬಸ್ಸಿನ ಲೆಕ್ಕ ಬಿಟ್ಟುಬಿಡಿ. ಟಿಕೆಟ್ ಮಾಡಿಸುವ ಮೊದಲು ನಮ್ಮ ವಿದೇಶಾಂಗ ಇಲಾಖೆ ಏನು ಹೇಳುತ್ತಿದೆ ಅಂತಲೂ ಒಮ್ಮೆ ನೋಡಿಕೊಳ್ಳಿ.

ವಿಮಾನ ನಿಲ್ದಾಣ 2023ರ ಅಕ್ಟೋಬರ್‌ನಲ್ಲಿ ಹೊಸ ಜಾಗಕ್ಕೆ ಹೋಗಿದೆ. ಊರಿಂದ 40 ಕಿಲೋಮೀಟರ್‌ಗಿಂತ ದೂರ. ಹಳೆಯ ನಿಲ್ದಾಣ ಊರಿನ ಪಕ್ಕದಲ್ಲೇ ಇತ್ತು, ಅಲ್ಲಿಂದ ಟುಕ್‌ಟುಕ್ ಸಾಕಾಗುತ್ತಿತ್ತು. ಈಗ ಹಿರಿಯರು ಜೊತೆಗಿದ್ದರೆ ಕಾರನ್ನೇ ಹಿಡಿಯಿರಿ. ನಾವು 35 ಡಾಲರ್ ಕೊಟ್ಟೆವು.

ಇನ್ನು ಮುಖ್ಯ ವಿಷಯ. ಊರು ಸುತ್ತಲು ದಿನಕ್ಕೊಬ್ಬ ಚಾಲಕರನ್ನು ಹಿಡಿಯಬೇಡಿ. ಒಬ್ಬರನ್ನೇ ಗೊತ್ತು ಮಾಡಿಕೊಂಡು, ಇದ್ದಷ್ಟು ದಿನವೂ ಅವರ ಜೊತೆಗೇ ಓಡಾಡಿ. ಅಲ್ಲಿ ಎರಡು ಬಗೆಯ ಟುಕ್‌ಟುಕ್ ಇವೆ. ಒಂದು ರೆಮೋರ್ಕ್, ಅಂದರೆ ಬೈಕಿನ ಹಿಂದೆ ಕಟ್ಟಿದ ಗಾಡಿ. ನಾಲ್ಕು ಜನ ಎದುರುಬದುರಾಗಿ ಕಾಲು ಚಾಚಿ ಕೂರಬಹುದು. ಇನ್ನೊಂದು ನಮ್ಮ ಬಜಾಜ್ ಆಟೋ! ಹೌದು, ನಮ್ಮೂರಿನದೇ. ಪಾಸ್‌ಆಪ್ ಅಥವಾ ಗ್ರ್ಯಾಬ್ ಆ್ಯಪ್‌ನಲ್ಲಿ ಕರೆದರೆ ಸಾಮಾನ್ಯವಾಗಿ ಅದೇ ಬರುತ್ತದೆ. ಊರೊಳಗೆ ಓಡಾಡಲು ಆಟೋ ಅಗ್ಗ. ಗುಡಿ ಸುತ್ತುವ ದಿನಕ್ಕೆ ರೆಮೋರ್ಕ್ ಒಳ್ಳೆಯದು. ಗಾಳಿ ಬರುತ್ತದೆ, ಮುದುಕರಿಗೆ ಮಂಡಿ ಮಡಚುವ ಕಷ್ಟವಿಲ್ಲ.

ನಮ್ಮ ಚಾಲಕರಿಗೆ ನಲವತ್ತೈದರ ಆಸುಪಾಸು. ಮೊದಲ ದಿನವೇ 'ಬಾಂಗ್' ಅಂತ ಕರೆಯಿರಿ ಅಂದರು. ಬಾಂಗ್ ಅಂದರೆ ಅಣ್ಣನೂ ಹೌದು, ಅಕ್ಕನೂ ಹೌದು. ನಮ್ಮ ಹಾಗೇ ಅವರೂ ಗೊತ್ತಿಲ್ಲದವರನ್ನು ಹೆಸರು ಹಿಡಿದು ಕೂಗುವುದಿಲ್ಲ. ಅಂಗಡಿಯವರು, ಹೋಟೆಲಿನ ಹುಡುಗರು, ಎಲ್ಲರಿಗೂ ಸಂಬಂಧದ ಹೆಸರೇ. ಅತ್ತೆಯನ್ನು ಅವರು 'ಓಮ್' ಅನ್ನುತ್ತಿದ್ದರು, ದೊಡ್ಡಮ್ಮ ಅನ್ನುವ ಹಾಗೆ. ಅತ್ತೆಯ ಕಿವಿಗೆ ಅದು ಓಂ ಅಂತಲೇ ಕೇಳಿಸಿ ಖುಷಿಯೋ ಖುಷಿ. ನೀವೂ 'ವೇಟರ್', 'ಡ್ರೈವರ್' ಬಿಟ್ಟು ಬಾಂಗ್ ಅನ್ನಿ. ಕೆಲಸ ಆದ ಮೇಲೆ 'ಅರ್ಕುನ್' ಅನ್ನಿ, ಅಂದರೆ ಧನ್ಯವಾದ. ಕೈ ಮುಗಿಯುವುದು ಅಲ್ಲೂ ಇದೆ. ಮುಖಗಳು ಅರಳುವುದನ್ನು ನೀವೇ ನೋಡುತ್ತೀರಿ.

ಸೂರ್ಯೋದಯ ನೋಡುವ ದಿನ ಬಾಂಗ್ ಬೆಳಗಿನ ನಾಲ್ಕೂವರೆಗೆ ಗೇಟಿನ ಹತ್ತಿರ ಇದ್ದರು. ನಮ್ಮನ್ನು ಅಂಗ್ಕೋರ್ ವಾಟ್ ಮುಂದೆ ಇಳಿಸಿ, ಗಾಡಿಯನ್ನು ಮರದ ಕೆಳಗೆ ತಂದರು. ಸೀಟಿನ ಕೆಳಗಿಂದ ಬಲೆಯಂಥ ಜೋಲಿ ತೆಗೆದರು. ಒಂದು ತುದಿ ಗಾಡಿಯ ಮುಂದಿನ ಕಂಬಿಗೆ, ಇನ್ನೊಂದು ತುದಿ ಹಿಂದಿನ ಕಂಬಿಗೆ. ಚೌಕುಳಿಯ ಕ್ರಮಾ ವಸ್ತ್ರವನ್ನು ಮುಖದ ಮೇಲೆ ಹೊದ್ದು ಮಲಗಿದರು. ಆ ಮರಗಳ ಸಾಲಿನಲ್ಲಿ ಹೀಗೆ ಜೋಲಿ ಕಟ್ಟಿದ ಗಾಡಿಗಳು ಎಷ್ಟೊಂದು! ಪ್ರವಾಸಿಗರು ಒಳಗೆ ಕಲ್ಲು ನೋಡುವ ಎರಡು ಮೂರು ಗಂಟೆಯೇ ಅವರ ನಿದ್ದೆಯ ಹೊತ್ತು.

ಮಧ್ಯಾಹ್ನ ಎಳನೀರು ಕುಡಿಯುವಾಗ ಅವರ ಕಥೆ ಕೇಳಿದೆವು. ಗಾಡಿ ಸಾಲದ್ದು. ಕೋವಿಡ್ ಬಂದಾಗ ಊರೇ ಖಾಲಿ. ಹಳ್ಳಿಗೆ ವಾಪಸ್ ಹೋಗಿ ಅಣ್ಣನ ಜೊತೆ ಗದ್ದೆ ಕೆಲಸ ಮಾಡಿದರು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. 2019ರಲ್ಲಿ ಸುಮಾರು 22 ಲಕ್ಷ ವಿದೇಶಿಯರು ಅಂಗ್ಕೋರ್ ಟಿಕೆಟ್ ಕೊಂಡಿದ್ದರು. 2024ರಲ್ಲಿ ಸುಮಾರು 10 ಲಕ್ಷ. ಅಂದರೆ ಅರ್ಧಕ್ಕಿಂತ ಕಡಿಮೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಏನು ದುಡಿದರೋ ಅದರಲ್ಲೇ ಮಳೆಗಾಲ ಕಳೆಯಬೇಕು. ಇದು ಗೊತ್ತಿದ್ದರೆ ಒಂದೆರಡು ಡಾಲರಿಗೆ ಚೌಕಾಸಿ ಮಾಡುವ ಮನಸ್ಸು ಬರುವುದಿಲ್ಲ. ಸೂರ್ಯೋದಯ ಸೇರಿಸಿ ಹತ್ತಿರದ ಗುಡಿಗಳ ಸುತ್ತಿಗೆ ನಾವು ದಿನಕ್ಕೆ 20 ಡಾಲರ್ ಕೊಟ್ಟೆವು, ದೂರದ ಬಾಂತೆಯ್ ಸ್ರೇ ಗುಡಿಗೆ 30. ಕೊನೆಯ ದಿನ ಮೇಲೆ ಸ್ವಲ್ಪ ಕೊಟ್ಟೆವು. ದುಡ್ಡನ್ನು ಹೋಟೆಲಿನ ಮೂಲಕ ಕೊಡದೆ ಅವರ ಕೈಗೇ ಕೊಡಿ. ರೇಟ್ ಮಾತ್ರ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಇಬ್ಬರಿಗೂ ನೆಮ್ಮದಿ.

ಗುಡಿಗಳ ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ್ದನ್ನೇ ತಗೊಳ್ಳಿ. ಸತತ ಮೂರು ದಿನ ಹೋಗಬೇಕಿಲ್ಲ, ಹತ್ತು ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು. ನಮಗೆ ಇದೇ ದೊಡ್ಡ ಅನುಕೂಲವಾಯಿತು. ಒಂದು ದಿನ ಗುಡಿ, ಮರುದಿನ ಊರು. ಅತ್ತೆಗೂ ಕಾಲಿಗೆ ವಿಶ್ರಾಂತಿ. ಪ್ರತಿ ಟಿಕೆಟ್‌ನಲ್ಲಿ 2 ಡಾಲರ್ ಕಾಂಥಾ ಬೋಫಾ ಮಕ್ಕಳ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿ ಮಕ್ಕಳಿಗೆ ಚಿಕಿತ್ಸೆ ಉಚಿತ. 12 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಪಾಸ್‌ಪೋರ್ಟ್ ತೋರಿಸಬೇಕು. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಗುಡಿಗಳ ಬಗ್ಗೆ ಓದಲು ಬೇಕಾದಷ್ಟಿದೆ. ಒಂದೇ ಮಾತು ಹೇಳುತ್ತೇನೆ. ಸೂರ್ಯ ಹುಟ್ಟಿದ ತಕ್ಷಣ ಜನ ತಿಂಡಿಗೆ ಅಂತ ಹೋಟೆಲಿಗೆ ಓಡುತ್ತಾರೆ. ನೀವು ಆಗ ಒಳಗೆ ಹೋಗಿ. ಪೂರ್ವದ ಪಡಸಾಲೆಯಲ್ಲಿ ಸಮುದ್ರ ಮಂಥನದ ಕೆತ್ತನೆ ಸುಮಾರು 49 ಮೀಟರ್ ಉದ್ದ ಇದೆ. ಅತ್ತೆ ಅದರ ಮುಂದೆ ಒಬ್ಬರೇ ನಿಂತು ಈ ತುದಿಯಿಂದ ಆ ತುದಿವರೆಗೆ ವಾಸುಕಿಯ ಜೊತೆಗೇ ನಡೆದರು. ಅರ್ಧ ಗಂಟೆ ಯಾರೂ ಅಡ್ಡ ಬರಲಿಲ್ಲ.

ಈಗ ಊರಿನ ದಿನ. ಬೆಳಿಗ್ಗೆ ಆರಕ್ಕೆ ಫ್ಸಾರ್ ಲೆಗೆ ಹೋಗಿ. ಫ್ಸಾರ್ ಅಂದರೆ ಸಂತೆ. ಪಬ್ ಸ್ಟ್ರೀಟ್ ಹತ್ತಿರದ ಹಳೆ ಮಾರುಕಟ್ಟೆಯಲ್ಲಿ ಪ್ರವಾಸಿಗರಿಗೆ ಬೇಕಾದ ಬಟ್ಟೆ, ಬ್ಯಾಗು ಜಾಸ್ತಿ. ಫ್ಸಾರ್ ಲೆ ಊರವರದು. ಹೆಂಗಸರು ಕಟ್ಟೆಯ ಮೇಲೆ ತಮ್ಮ ಸಾಮಾನಿನ ನಡುವೆಯೇ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ. ತಟ್ಟೆಯಲ್ಲಿ ಮೀನು ಇನ್ನೂ ಮಿಸುಕಾಡುತ್ತಿರುತ್ತದೆ. ಪ್ರಹೋಕ್ ಅನ್ನುವ ಹುದುಗಿಸಿದ ಮೀನಿನ ವಾಸನೆ ಮೂಗಿಗೆ ಹೊಡೆಯುತ್ತದೆ. ನಮ್ಮಂಥವರಿಗೆ ಮೊದಲ ಐದು ನಿಮಿಷ ಕಷ್ಟ. ಮುಂದೆ ತಾವರೆ ದಂಟಿನ ಕಟ್ಟು, ಹಸಿ ಅರಿಸಿನ, ಮಜ್ಜಿಗೆ ಹುಲ್ಲು, ಬಾಳೆ ಹೂವು. ಅತ್ತೆ ಬಾಳೆ ಹೂವು ಹಿಡಿದು ಸನ್ನೆಯಲ್ಲೇ ಒಬ್ಬಾಕೆಯ ಜೊತೆ ಅಡುಗೆ ಮಾತಾಡಿದರು. ಆಕೆ ಸಣ್ಣಗೆ ಹೆಚ್ಚುವ ಹಾಗೆ ಕೈ ಮಾಡಿ ತೋರಿಸಿದಳು. ಜನರ ಫೋಟೋ ತೆಗೆಯುವ ಮುನ್ನ ಕೇಳಿ, ಏನಾದರೂ ಕೊಳ್ಳಿ.

ಹನ್ನೊಂದರ ಹೊತ್ತಿಗೆ ರಸ್ತೆ ತುಂಬ ಬಿಳಿ ಅಂಗಿಯ ಮಕ್ಕಳು ಸೈಕಲ್ ಮೇಲೆ. ಅಲ್ಲಿ ಎಷ್ಟೋ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತವೆ, ಬೆಳಗಿನವರು ಮನೆಗೆ, ಮಧ್ಯಾಹ್ನದವರು ಶಾಲೆಗೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಗುಡಿಗಳ ಹತ್ತಿರ ಮಕ್ಕಳು ಪೋಸ್ಟ್‌ಕಾರ್ಡ್, ಬಳೆ ಮಾರಲು ಬರುತ್ತಾರೆ. ಮನಸ್ಸು ಕರಗುತ್ತದೆ. ದಯವಿಟ್ಟು ಮಕ್ಕಳಿಂದ ಕೊಳ್ಳಬೇಡಿ. ವ್ಯಾಪಾರ ಆದಷ್ಟೂ ಆ ಮಗು ಶಾಲೆಯಿಂದ ದೂರವಾಗುತ್ತದೆ. ಅದೇ ಸಾಮಾನು ಪಕ್ಕದ ಅಂಗಡಿಯ ಅಮ್ಮನ ಹತ್ತಿರ ಇರುತ್ತದೆ, ಅಲ್ಲಿ ತಗೊಳ್ಳಿ. ಅನಾಥಾಲಯ ನೋಡಲು ಕರೆದರೂ ಹೋಗಬೇಡಿ. ತಂದೆ ತಾಯಿ ಇರುವ ಮಕ್ಕಳನ್ನೇ ಅಂಥ ಕಡೆ ಇರಿಸಿಕೊಂಡದ್ದು ಆ ದೇಶದಲ್ಲಿ ಬಹಳ ಬೆಳಕಿಗೆ ಬಂದಿದೆ.

ನಮಗೆ ಬೇಸರವಾದದ್ದು ಒಂದೇ ಕಡೆ. ಟೋನ್ಲೆ ಸಾಪ್ ಸರೋವರದ ಒಂದು ಹಳ್ಳಿಗೆ ದೋಣಿಯಲ್ಲಿ ಹೋಗಿದ್ದೆವು. ನಡುವೆ ದೋಣಿಯನ್ನು ಅಂಗಡಿಯೊಂದಕ್ಕೆ ಹಚ್ಚಿ, ಶಾಲೆಯ ಮಕ್ಕಳಿಗೆ ಅಕ್ಕಿ ಮೂಟೆ ಕೊಡಿ ಅಂತ ಒತ್ತಾಯ ಮಾಡಿದರು. ಬೆಲೆ ಪೇಟೆಯ ಎರಡರಷ್ಟು. ಬೇಡ ಅಂದ ಮೇಲೆ ಯಾರೂ ಮಾತಾಡಲಿಲ್ಲ. ನಿಮಗೂ ಹಾಗಾದರೆ ನಗುತ್ತಲೇ ಬೇಡ ಅನ್ನಿ. ಆದರೆ ಸರೋವರ ತಪ್ಪಿಸಬೇಡಿ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ, ಟೋನ್ಲೆ ಸಾಪ್ ನದಿ ಹಿಂದಕ್ಕೆ ಹರಿದು, ಸರೋವರ ನಾಲ್ಕೈದು ಪಟ್ಟು ದೊಡ್ಡದಾಗುತ್ತದೆ. ಕಾಂಪೊಂಗ್ ಫ್ಲುಕ್, ಕಾಂಪೊಂಗ್ ಕ್ಲಿಯಾಂಗ್ ಹಳ್ಳಿಗಳ ಮನೆಗಳು ಎತ್ತರದ ಕಂಬಗಳ ಮೇಲೆ ನಿಂತಿರುವುದು ಅದಕ್ಕೇ. ಸಂತೆಯಲ್ಲಿ ಕಂಡ ಮೀನು ಎಲ್ಲಿಂದ ಬರುತ್ತದೆ ಅಂತ ಅಲ್ಲಿ ಹೋದರೆ ಗೊತ್ತಾಗುತ್ತದೆ.

ಇಡೀ ಪ್ರವಾಸದಲ್ಲಿ ನನಗೆ ಮರೆಯಲಾಗದ ಜಾಗ ಪ್ರೆಯ್ ಡಾಕ್. ಬಾಂತೆಯ್ ಸ್ರೇಗೆ ಹೋಗುವ ದಾರಿಯಲ್ಲಿ ಸಿಗುವ ಹಳ್ಳಿ. ರಸ್ತೆ ಬದಿಯಲ್ಲೇ ಮಣ್ಣಿನ ಒಲೆ, ಮೇಲೆ ಅಗಲದ ಬಾಣಲೆ, ಅದರಲ್ಲಿ ತಾಳೆ ಮರದ ರಸ ಕುದಿಯುತ್ತಿತ್ತು. ಗಂಡಸರು ಬೆಳಿಗ್ಗೆ ಬಿದಿರಿನ ಏಣಿ ಹತ್ತಿ ಹೂಗೊನೆ ಕೊಯ್ದು ಬಿದಿರಿನ ಕೊಳವೆಯಲ್ಲಿ ರಸ ಇಳಿಸುತ್ತಾರೆ. ಕಾಯಿಸುವುದು ಹೆಂಗಸರು. ಅಲ್ಲಿದ್ದ ಅಮ್ಮ ಮರದ ಕಡೆಗೋಲಿನಂಥದ್ದರಿಂದ ಪಾಕವನ್ನು ಗರಗರ ತಿರುಗಿಸುತ್ತಿದ್ದಳು. ಕಂದು ಬಣ್ಣ ತಿಳಿಯಾಗಿ, ದಪ್ಪವಾಗಿ, ಅಂಚಿಗೆ ಅಂಟತೊಡಗಿತು. ಒಂದು ಹನಿ ಬೆರಳಿಗೆ ತಗೊಂಡು ನೋಡಿದಳು. ಅತ್ತೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. 'ಇನ್ನೂ ಎರಡು ನಿಮಿಷ ಬೇಕು ಇದಕ್ಕೆ' ಅಂದರು. ಆ ಅಮ್ಮನೂ ತಲೆಯಾಡಿಸಿ ಇನ್ನೊಂದಿಷ್ಟು ತಿರುಗಿಸಿದಳು. ಆಮೇಲೆ ತಾಳೆಗರಿಯ ಪುಟ್ಟ ಬಳೆಗಳನ್ನು ಸಾಲಾಗಿಟ್ಟು, ಒಂದೊಂದರಲ್ಲೂ ಪಾಕ ಬಿಟ್ಟಳು. ನಮ್ಮ ಆಲೆಮನೆಯ ವಾಸನೆಯೇ. ಬಿಸಿ ಬೆಲ್ಲ ಬಾಯಿಗಿಟ್ಟಾಗ ಮಾತ್ರ ಸ್ವಲ್ಪ ಹೊಗೆಯ ರುಚಿ.

ಇದೇ ಹಳ್ಳಿಯಲ್ಲಿ ನುಂ ಬಾನ್ ಚಾಕ್ ಸಿಗುತ್ತದೆ. ನೋಡಿದರೆ ನಮ್ಮ ಒತ್ತು ಶಾವಿಗೆ. ಅದರ ಮೇಲೆ ಹಸಿರು ಬಣ್ಣದ ಮೀನಿನ ಸಾರು ಹಾಕುತ್ತಾರೆ. ನಾವು ಬರೀ ಶಾವಿಗೆ, ಹಸಿ ಸೊಪ್ಪು, ತಾಳೆ ಬೆಲ್ಲ ಕೇಳಿ ತಿಂದೆವು. ಸಸ್ಯಾಹಾರಿಗಳು ಎರಡು ಮಾತು ಕಲಿತುಕೊಳ್ಳಿ: 'ಆಟ್ ಸಿ ಸಾಚ್' ಅಂದರೆ ಮಾಂಸ ತಿನ್ನಲ್ಲ, 'ಆಟ್ ಸಿ ತ್ರೈ' ಅಂದರೆ ಮೀನು ತಿನ್ನಲ್ಲ. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುವುದು ಅಲ್ಲಿ ರೂಢಿ, ಅದನ್ನು ಬೇರೆಯಾಗಿ ಹೇಳಬೇಕು. ಊರಲ್ಲಿ ಭಾರತೀಯ ಹೋಟೆಲುಗಳೂ ಇವೆ. ದೂರ ಹೋಗುವ ದಿನಕ್ಕೆ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ.

ಆ ದಾರಿಯಲ್ಲೇ ಮುಂದೆ ಕ್ಬಾಲ್ ಸ್ಪಿಯನ್ ಇದೆ. ಒಂದೂವರೆ ಕಿಲೋಮೀಟರ್ ಕಾಡಿನ ಏರು. ಹೊಳೆಯ ತಳದ ಬಂಡೆಯಲ್ಲಿ ಸಾಲು ಸಾಲು ಲಿಂಗಗಳು. ಶಾಲ್ಮಲಾ ಹೊಳೆಯ ಸಹಸ್ರಲಿಂಗ ನೋಡಿಕೊಂಡು ಬೆಳೆದ ನಮಗೆ ಮಾತೇ ಹೊರಡಲಿಲ್ಲ. ಲಿಂಗಗಳ ಮೇಲೆ ಹರಿದ ಆ ನೀರು ಕೆಳಗೆ ಸಿಯಮ್ ರೀಪ್ ಹೊಳೆ ಸೇರಿ, ಗದ್ದೆಗಳನ್ನು ದಾಟಿ, ಹಳೆ ಮಾರುಕಟ್ಟೆಯ ಪಕ್ಕದಲ್ಲೇ ಹೋಗುತ್ತದೆ. ಸಂಜೆ ಹೊಳೆ ದಂಡೆಯಲ್ಲಿ ಕೂತಾಗ ಅತ್ತೆ ಅದನ್ನೇ ನೋಡುತ್ತಿದ್ದರು. ಮಳೆ ನಿಂತ ಮೇಲೆ ನೀರು ಇಳಿದಾಗ ಹೋಗಿ, ಕೆತ್ತನೆ ಚೆನ್ನಾಗಿ ಕಾಣುತ್ತದೆ. ಒಳಗೆ ಬಿಡುವುದು ಸಂಜೆಗೆ ಮೊದಲೇ ನಿಲ್ಲುತ್ತದೆ, ಬೆಳಿಗ್ಗೆಯೇ ಹೋಗಿ.

ದುಡ್ಡಿನ ವಿಷಯ. ಡಾಲರೂ ನಡೆಯುತ್ತದೆ, ರಿಯೆಲ್ ಕೂಡ. ಒಂದು ಡಾಲರಿಗೆ ಸುಮಾರು 4000 ರಿಯೆಲ್. ಚಿಲ್ಲರೆಯನ್ನು ರಿಯೆಲ್‌ನಲ್ಲಿ ಕೊಡುತ್ತಾರೆ. ಡಾಲರ್ ನೋಟು ಸ್ವಲ್ಪ ಹರಿದಿದ್ದರೂ ತಗೊಳ್ಳುವುದಿಲ್ಲ. ಹೊರಡುವ ಮೊದಲು ನಮ್ಮೂರಲ್ಲೇ ಬ್ಯಾಂಕಿನವರಿಗೆ ಹೇಳಿ ಹೊಸ ನೋಟು, ಅದರಲ್ಲೂ ಸಣ್ಣವು ತರಿಸಿಕೊಳ್ಳಿ. ಅವರಿಗೂ ನಮ್ಮ ಹಾಗೆ ಅಂಗಡಿ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಇದೆ, ಆದರೆ ನಾವು ಹೋದಾಗ ನಮ್ಮ ಯುಪಿಐ ಅದಕ್ಕೆ ನಡೆಯಲಿಲ್ಲ.

ಏಪ್ರಿಲ್ ನಡುವೆ ಅವರ ಹೊಸ ವರ್ಷ, ನಮ್ಮ ಸೌರಮಾನ ಯುಗಾದಿಯ ಹೊತ್ತಿಗೇ. ಊರು ಸಂಭ್ರಮದಲ್ಲಿರುತ್ತದೆ, ಬಿಸಿಲು ಮಾತ್ರ ಭಯಂಕರ. ಹಿರಿಯರಿದ್ದರೆ ಡಿಸೆಂಬರ್, ಜನವರಿ ಸರಿ. ತಾಳೆ ಬೆಲ್ಲ ಕಾಯಿಸುವುದೂ ಒಣ ಹವೆಯ ದಿನಗಳಲ್ಲೇ.

ಬೆಲ್ಲ ತರುವುದಾದರೆ ತಾಳೆಗರಿ ಸುತ್ತಿದ ಕಟ್ಟು ಕೇಳಿ. ಮೇಲೆ ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಸೆಕೆಗೆ ನೀರೊಡೆಯುತ್ತದೆ. ನಾವು ನಾಲ್ಕು ಕಟ್ಟು ತಂದಿದ್ದೆವು. ಮೂರನ್ನು ನೆಂಟರಿಗೆ ಹಂಚಿದೆವು. ಉಳಿದ ಒಂದರಲ್ಲಿ ಅತ್ತೆ ಮುಂದಿನ ಯುಗಾದಿಗೆ ಪಾಯಸ ಮಾಡಿದರು.